ಹಾಲಿನ ಕ್ಯಾನು ಹೊರುವ ಕಾರಿಗೆ ಹೊಸ ಹಬ್: ಆಕ್ಸಲ್ ಕೂರಿಸುವ ಕ್ರಮ



ಹಳೆಯ ಮಾರುತಿ 800 ಅಥವಾ ಆಲ್ಟೊ ಕಾರಿನ ಹಿಂದಿನ ಸೀಟು ಮಡಚಿ ಹಾಲಿನ ಕ್ಯಾನು, ಹಿಂಡಿ ಮೂಟೆ ಸಾಗಿಸುವ ಮನೆಗಳು ನಮ್ಮಲ್ಲಿ ಇವೆ. ಇಂಥ ಕಾರಿನ ಮುಂದಿನ ಚಕ್ರ ವೇಗ ಹೆಚ್ಚಿದಂತೆ ಗುಂಯ್‌ಗುಡುತ್ತಿದ್ದರೆ ಬೇರಿಂಗ್ ಸವೆದಿರುವ ಸಂಭವವೇ ಹೆಚ್ಚು. ಹಾಗೇ ಓಡಿಸಿದರೆ ಒಂದು ಬೆಳಗ್ಗೆ ಕಾರು ದಾರಿಯಲ್ಲಿ ನಿಲ್ಲುತ್ತದೆ. 4 ಡಿಗ್ರಿಗೆ ತಂಪಾಗಬೇಕಿದ್ದ ಹಾಲು ಬಿಸಿಲಿನಲ್ಲಿ ಕೂರುತ್ತದೆ. ಬೇರಿಂಗ್ ಜೊತೆ ಹಬ್ಬೂ ಹಾಳಾಗಿದ್ದರೆ ಎರಡನ್ನೂ ಬದಲಿಸಬೇಕು.

ಈ ಕೆಲಸದ ಒಂದು ಭಾಗವನ್ನು ಮನೆಯಲ್ಲಿ ಮಾಡಲೇಬೇಡಿ. ಹೊಸ ಬೇರಿಂಗನ್ನು ನಕಲ್ ಒಳಕ್ಕೂ, ಹಬ್ ಅನ್ನು ಬೇರಿಂಗ್ ಒಳಕ್ಕೂ ಪ್ರೆಸ್‌ನಿಂದ ಒತ್ತಬೇಕು. ನಕಲ್ ಬಿಚ್ಚಿಕೊಂಡು ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿಗೋ ಭದ್ರಾವತಿಯ ಪ್ರೆಸ್ ಇರುವ ಗ್ಯಾರೇಜಿಗೋ ಒಯ್ಯಿರಿ. ಬೇರಿಂಗ್ ಒತ್ತುವಾಗ ಒತ್ತಡ ಹೊರಬಳೆಯ ಮೇಲೆ ಬೀಳಬೇಕು, ಹಬ್ ಒತ್ತುವಾಗ ಒಳಬಳೆಗೆ ಆಸರೆ ಇರಬೇಕು. ಇದನ್ನು ನಿಂತು ನೋಡಿಕೊಳ್ಳಿ.

ಬಿಚ್ಚುವಾಗಲೇ ಎರಡು ಎಚ್ಚರ ಬೇಕು. ಆಕ್ಸಲ್ ನಟ್ಟನ್ನು ಚಕ್ರ ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಕಾರು ಎತ್ತಿರಿ. ಎತ್ತಿದ ಕಾರು ಬರೀ ಜಾಕ್ ಮೇಲೆ ನಿಲ್ಲಬಾರದು. ನಮ್ಮಲ್ಲಿ ಕೈಗೆ ಸಿಗುವುದು ಜಂಬಿಟ್ಟಿಗೆ ಕಲ್ಲು. ಅದು ಗೋಡೆಗೆ ಒಳ್ಳೆಯದು, ಕಾರಿನ ಅಡಿಗೆ ಬೇಡ, ಭಾರ ಒಂದು ಕಡೆ ಬಿದ್ದರೆ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡೇ ಇಡಿ. ನಕಲ್ ತೆಗೆದ ಮೇಲೆ ಆಕ್ಸಲ್ ಜೋತು ಬೀಳದಂತೆ ಒಂದು ಹಳೇ ಕಣ್ಣಿಯಿಂದ ಮೇಲಕ್ಕೆ ಕಟ್ಟಿ. ಎಳೆದಾಡಿದರೆ ಒಳಗಿನ ಜಾಯಿಂಟ್ ಕಳಚುತ್ತದೆ, ರಬ್ಬರ್ ಬೂಟು ಹರಿಯುತ್ತದೆ. ಬ್ರೇಕ್ ಕ್ಯಾಲಿಪರನ್ನೂ ಅದರ ಪೈಪಿನಲ್ಲೇ ನೇತಾಡಲು ಬಿಡಬೇಡಿ.

ಆಕ್ಸಲ್ ತುದಿಯ ಹಲ್ಲುಗಳನ್ನು ಡೀಸೆಲ್ ಮತ್ತು ತಂತಿ ಬ್ರಷ್‌ನಿಂದ ತೊಳೆದು ಒರೆಸಿ. ಹೊಸ ಹಬ್ ಒಳಗಿನ ಹಲ್ಲುಗಳ ಎಣಿಕೆ ಸರಿಯಿದೆಯೇ ನೋಡಿ. ಹಳೆಯ ನಟ್ಟು ಕೈಯಿಂದಲೇ ಮರೆಯ ಕೊನೆಯವರೆಗೆ ತಿರುಗಬೇಕು; ಮಧ್ಯೆ ಬಿಗಿಯಾದರೆ ಮರೆ ಕೆಟ್ಟಿದೆ, ಮೊದಲು ಅದನ್ನು ಸರಿಮಾಡಿಸಿ. ಹಲ್ಲಿಗೆ ತೆಳುವಾಗಿ ಗ್ರೀಸ್ ಸವರಿ. ಡಿಸ್ಕ್‌ಗೆ ಗ್ರೀಸ್ ತಾಗಬಾರದು.

ಈಗ ನಕಲನ್ನು ಓರೆಯಾಗಿ ಹಿಡಿದು, ಹಬ್ ಅನ್ನು ಆಚೀಚೆ ತುಸು ತಿರುಗಿಸುತ್ತಾ ಆಕ್ಸಲ್ ಒಳತೂರಿಸಿ. ಹಲ್ಲಿಗೆ ಹಲ್ಲು ಕೂತಿದ್ದು ಕೈಗೆ ಗೊತ್ತಾಗುತ್ತದೆ. ಹೊಸ ಹಬ್‌ನಲ್ಲಿ ಅರ್ಧಕ್ಕೇ ನಿಲ್ಲುವುದು ಸಾಮಾನ್ಯ. ಸುತ್ತಿಗೆ ಕೈಗೆ ಬರುವುದು ಆಗಲೇ. 1923ರಿಂದ ಕಬ್ಬಿಣ ಕಾಯಿಸಿದ ಭದ್ರಾವತಿ ಸೀಮೆಯವರಿಗೆ ಏಟಿನಿಂದ ಎಲ್ಲವೂ ದಾರಿಗೆ ಬರುತ್ತದೆಂಬ ಧೈರ್ಯ ಕೊಂಚ ಜಾಸ್ತಿಯೇ! ಆದರೆ ಹಬ್ ಮೇಲೆ ಬಿದ್ದ ಏಟು ನೇರ ಬೇರಿಂಗಿಗೆ ಹೋಗುತ್ತದೆ. ಗುಂಡುಗಳು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳುತ್ತದೆ, ಹೊಸ ಬೇರಿಂಗ್ ಬೇಗನೆ ಹಳೆಯದರ ಹಾಡನ್ನೇ ಹಾಡತೊಡಗುತ್ತದೆ.

ಹೊಡೆಯುವ ಬದಲು ಎಳೆಯಿರಿ. ಮರೆ ಹೊರಗೆ ಇಣುಕಿದ್ದರೆ ದಪ್ಪ ವಾಷರ್ ಹಾಕಿ, ಹಳೆಯ ನಟ್ಟು ತಿರುಗಿಸಿದರೆ ಆಕ್ಸಲ್ ತಾನಾಗಿ ಹೊರಬರುತ್ತದೆ. ನಾಲ್ಕೈದು ಸುತ್ತಾದರೂ ನಟ್ಟಿಗೆ ಮರೆ ಹಿಡಿದಿರಬೇಕು, ಇಲ್ಲವಾದರೆ ಮರೆ ಕಿತ್ತು ಬರುತ್ತದೆ. ಇಣುಕದೇ ಇದ್ದರೆ ಹೊರತೆಗೆದು ಹಲ್ಲು ಮತ್ತೆ ನೋಡಿ. ಪೂರ್ತಿ ಕೂತ ಮೇಲೆ ಹಳೆಯ ನಟ್ಟು, ದಪ್ಪ ವಾಷರ್ ತೆಗೆದು ಕಂಪನಿಯ ವಾಷರ್, ಹೊಸ ನಟ್ಟು ಹಾಕಿ. ನಕಲ್ ಬೋಲ್ಟುಗಳನ್ನೂ ಕ್ಯಾಲಿಪರನ್ನೂ ಮೊದಲಿನಂತೆ ಬಿಗಿಯಿರಿ.

ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ ಬೇಕು. ಸಂಘದಲ್ಲಿ ಲ್ಯಾಕ್ಟೋಮೀಟರ್ ಇಲ್ಲದೆ ಕಣ್ಣಂದಾಜಿನಲ್ಲಿ ಹಾಲು ಅಳೆದರೆ ನೀವು ಒಪ್ಪುತ್ತೀರಾ? ಎಷ್ಟು ಬಿಗಿಯಬೇಕೆಂಬುದು ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿದೆ. ಅಲ್ಲಿ 180 ನ್ಯೂಟನ್ ಮೀಟರ್ ಎಂದಿದ್ದರೆ, ಅಡ್ಡಲಾಗಿ ಹಿಡಿದ ಒಂದು ಮೀಟರ್ ಪೈಪಿನ ತುದಿಗೆ 18 ಲೀಟರ್ ಹಾಲಿನ ಭಾರ ತೂಗುಹಾಕಿದಷ್ಟು ಬಲ ಎಂದು ತಿಳಿಯಿರಿ. ಒಬ್ಬರು ಬ್ರೇಕ್ ತುಳಿದಿರಲಿ, ಇನ್ನೊಬ್ಬರು ಬಿಗಿಯಲಿ. ಇದು ಮುಗಿಯುವ ತನಕ ಆ ಚಕ್ರದ ಮೇಲೆ ಕಾರಿನ ಭಾರ ಬಿಡಬೇಡಿ, ಕೊಟ್ಟಿಗೆಯಿಂದ ಅಂಗಳಕ್ಕೆ ತಳ್ಳುವುದಕ್ಕೂ ಇಲ್ಲ. ಹಲವು ಕಾರುಗಳಲ್ಲಿ ಬೇರಿಂಗಿನ ಒಳಬಳೆ ಎರಡು ತುಂಡು. ಅವನ್ನು ಒತ್ತಿ ಹಿಡಿಯುವುದು ಈ ನಟ್ಟಿನ ಬಿಗಿತವೇ.

ನಟ್ಟಿನ ಅಂಚನ್ನು ಮೊಂಡು ಚಾಣದಿಂದ ಆಕ್ಸಲ್ ಮೇಲಿನ ಕಾಲುವೆಯೊಳಕ್ಕೆ ತಗ್ಗಿಸಿ. ಪಿನ್ನು ಹಾಕುವ ಕಾರಾದರೆ ಹೊಸ ಪಿನ್ನನ್ನೇ ಹಾಕಿ. ಚಕ್ರ ಜೋಡಿಸಿ, ಇಳಿಸುವ ಮೊದಲು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಲಟಲಟ ಎನ್ನಬಾರದು. ಬ್ರೇಕನ್ನು ಎರಡು ಮೂರು ಸಲ ತುಳಿದು ನೋಡಿಯೇ ಹೊರಡಿ. ಹತ್ತು ಕಿಲೋಮೀಟರ್ ಖಾಲಿ ಓಡಿಸಿ ಬಂದು ಎರಡೂ ಮುಂಚಕ್ರಗಳ ನಡುವಿಗೆ ಅಂಗೈ ಹತ್ತಿರ ಹಿಡಿಯಿರಿ. ಹೊಸದು ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ ಅವತ್ತು ಕ್ಯಾನು ಹೇರದೆ ಮೆಕ್ಯಾನಿಕ್‌ಗೆ ತೋರಿಸಿ.