ಶಬ್ದದ ದಿಕ್ಕು ಮತ್ತು ಹೊರಗಿವಿ

ಬೆಳಗಾವಿಯಿಂದ ಸಂಕೇಶ್ವರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ ಹತ್ತರಗಿ ಎಂಬ ಊರಿದೆ. ನಸುಕಿನಲ್ಲಿ ಮಂಜು ಮುಸುಕಿರುವಾಗ ಇಂತಹ ರಸ್ತೆಯನ್ನು ದಾಟುವವನಿಗೆ ಕಣ್ಣಿಗಿಂತ ಕಿವಿಯೇ ಹೆಚ್ಚಿನ ಆಸರೆ. ಲಾರಿಯೊಂದು ಬರುತ್ತಿದೆಯೆಂದು ತಿಳಿದರೆ ಸಾಲದು. ಅದು ಯಾವ ಕಡೆಯಿಂದ ಬರುತ್ತಿದೆ ಎಂಬುದೂ ತಿಳಿಯಬೇಕು. ಓಲೆ, ಬುಗುಡಿಗಳನ್ನು ತೊಡಿಸಲೆಂದೇ ಇದೆಯೇನೋ ಎಂಬಂತೆ ತೋರುವ ಹೊರಗಿವಿಗೆ ಈ ಕೆಲಸದಲ್ಲಿ ದೊಡ್ಡ ಪಾಲಿದೆ.

ಎಡಬಲಗಳನ್ನು ತಿಳಿಯಲು ಎರಡು ಕಿವಿಗಳಿದ್ದರೆ ಸಾಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಬಲಗಡೆಯಿಂದ ಬಂದ ಶಬ್ದವು ತಲೆಯನ್ನು ಬಳಸಿ ಎಡಗಿವಿಯನ್ನು ಮುಟ್ಟುವಷ್ಟರಲ್ಲಿ ಸುಮಾರು 0.6 ಮಿಲಿಸೆಕೆಂಡು ತಡವಾಗುತ್ತದೆ. ತಲೆ ಅಡ್ಡವಾಗುವುದರಿಂದ ಅಲ್ಲಿ ಅದರ ಬಲವೂ ತುಸು ಕುಗ್ಗುತ್ತದೆ. ಈ ಎರಡು ಅಂತರಗಳನ್ನು ಮಿದುಳು ಅಳೆಯುತ್ತದೆಂದು ಇಂಗ್ಲೆಂಡಿನ ಭೌತವಿಜ್ಞಾನಿ ರೇಲಿ 1907ರಲ್ಲಿ ವಿವರಿಸಿದನು.

ಆದರೆ ನೇರ ಎದುರಿನಿಂದ ಬಂದ ಶಬ್ದ ಎರಡೂ ಕಿವಿಗಳನ್ನು ಒಂದೇ ಕ್ಷಣದಲ್ಲಿ ಮುಟ್ಟುತ್ತದೆ. ಬೆನ್ನ ಹಿಂದಿನದೂ ಹಾಗೆಯೇ, ನಡುನೆತ್ತಿಯ ಮೇಲಿನದೂ ಹಾಗೆಯೇ. ಹೀಗಿದ್ದೂ ತೆಂಗಿನ ಮರದ ಮೇಲೆ ಕಾಗೆ ಕೂಗಿದರೆ ನಾವು ನೆಲವನ್ನು ನೋಡುವುದಿಲ್ಲವಷ್ಟೆ!

ಇದರ ಗುಟ್ಟು ಹಾಲೆಯ ಏರುತಗ್ಗುಗಳಲ್ಲಿದೆ. ಶಬ್ದದ ಅಲೆಗಳಲ್ಲಿ ಕೆಲವು ನೇರವಾಗಿ ಕಿವಿಯ ರಂಧ್ರವನ್ನು ಹೊಕ್ಕರೆ, ಕೆಲವು ಈ ಮಡಿಕೆಗಳಿಗೆ ತಾಗಿ, ಪುಟಿದು, ಕ್ಷಣಾಂಶ ತಡೆದು ಒಳಸೇರುತ್ತವೆ. ಇವೆರಡೂ ಕೂಡುವಾಗ ಕೆಲವು ಸ್ವರಗಳು ಬಲಗೊಳ್ಳುತ್ತವೆ, ಕೆಲವು ಕುಗ್ಗುತ್ತವೆ. ಯಾವುದು ಬಲಗೊಳ್ಳುವುದು, ಯಾವುದು ಕುಗ್ಗುವುದು ಎಂಬುದು ಶಬ್ದ ಬಂದ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಮಡಿಕೆಗಳು ಚಿಕ್ಕವಾದುದರಿಂದ ಅವು ಕಿರಿದಾದ ಅಲೆಗಳನ್ನು, ಎಂದರೆ ತಾರ ಸ್ವರಗಳನ್ನು ಮಾತ್ರ ಹೀಗೆ ಮಾರ್ಪಡಿಸಬಲ್ಲವು. ಗೋಕಾಕದಲ್ಲಿ 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ಭೋರ್ಗರೆತದಲ್ಲಿ ಮಂದ್ರ, ತಾರಗಳೆಲ್ಲ ಬೆರೆತಿವೆ; ಅಂತಹ ಶಬ್ದದ ಎತ್ತರವನ್ನು ಗುರುತಿಸುವುದು ಸುಲಭ. ಬರಿಯ ಮಂದ್ರದ ಗುಂಯ್‌ಗುಡುವಿಕೆಯಲ್ಲಿ ಅದು ಸಾಧ್ಯವಾಗದು.

ಇದನ್ನು ನೀವೇ ಪರೀಕ್ಷಿಸಿರಿ. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ತಲೆಯನ್ನು ಅಲುಗಿಸದಂತೆ ಹೇಳಿ, ಬೀಗದ ಕೈಗಳ ಗೊಂಚಲನ್ನು ಅವನ ಮುಂದೆ, ಹಿಂದೆ, ಮೇಲೆ ಅಲ್ಲಾಡಿಸಿರಿ. ಬಳಿಕ ರಂಧ್ರ ಮುಚ್ಚದಂತೆ ಅವನ ಹಾಲೆಗಳನ್ನು ಮಡಿಸಿ ಹಿಡಿದು ಮತ್ತೆ ಕೇಳಿರಿ. ಉತ್ತರಗಳು ತಪ್ಪತೊಡಗುವ ಸಂಭವವುಂಟು. ದಪ್ಪ ಮಫ್ಲರು ಸುತ್ತಿಕೊಂಡು ಹೆದ್ದಾರಿಗಿಳಿಯುವವನ ಪಾಡೂ ಇದೇ: ತಾರ ಸ್ವರಗಳನ್ನು ಬಟ್ಟೆ ಹೀರಿಕೊಳ್ಳುತ್ತದೆ, ಲಾರಿಯ ಸದ್ದು ಕೇಳಿದರೂ ಅದು ಹಿಂದಿನದೋ ಮುಂದಿನದೋ ಸ್ಪಷ್ಟವಾಗುವುದಿಲ್ಲ.

ಒಬ್ಬರ ಹಾಲೆಯಂತೆ ಇನ್ನೊಬ್ಬರದು ಇರುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರ ಮಿದುಳೂ ತನ್ನ ಕಿವಿಯ ಆಕಾರವನ್ನು ಕಲಿತುಕೊಂಡಿರಬೇಕಾಗುತ್ತದೆ. ನೆದರ್ಲೆಂಡ್ಸಿನ ವಿಜ್ಞಾನಿಗಳು ನಾಲ್ವರ ಹಾಲೆಗಳಲ್ಲಿ ಅಚ್ಚುಗಳನ್ನಿಟ್ಟು ಅವುಗಳ ಆಕಾರವನ್ನು ಬದಲಿಸಿ ನಡೆಸಿದ ಪ್ರಯೋಗವು 1998ರಲ್ಲಿ ಪ್ರಕಟವಾಯಿತು. ಎಡಬಲಗಳ ಅರಿವು ಕೆಡಲಿಲ್ಲ. ಮೇಲು ಕೆಳಗುಗಳ ಅರಿವು ಮಾತ್ರ ಒಮ್ಮೆಗೇ ಅಳಿಸಿಹೋಯಿತು. ಕೆಲವು ವಾರಗಳಲ್ಲಿ ಅವರು ಹೊಸ ಕಿವಿಗೆ ಹೊಂದಿಕೊಂಡು ಅದನ್ನು ಮರಳಿ ಪಡೆದರು. ಸೋಜಿಗವೆಂದರೆ, ಅಚ್ಚುಗಳನ್ನು ತೆಗೆದಾಗ ಹಳೆಯ ಕಿವಿಯ ಪಾಠವೂ ಮರೆತಿರಲಿಲ್ಲ.

ಕಿವಿಯ ಹಿಂದೆ ಧರಿಸುವ ಶ್ರವಣ ಯಂತ್ರದ ಮೈಕು ಸಾಮಾನ್ಯವಾಗಿ ಹಾಲೆಯ ಮೇಲುಗಡೆ ಇರುತ್ತದೆ. ಮಡಿಕೆಗಳ ನೆರವು ಅದಕ್ಕೆ ದೊರೆಯುವುದು ಅಲ್ಪವೇ. ಆದಕಾರಣ ಅದನ್ನು ಧರಿಸಿದ ಹಿರಿಯರು ಮಾತು ಕೇಳಿಸಿದರೂ ಕರೆದವರಾರೆಂದು ತಲೆಯನ್ನು ಅತ್ತಿತ್ತ ತಿರುಗಿಸಿ ಹುಡುಕುವುದುಂಟು. ತಲೆ ತಿರುಗಿದಂತೆ ಎರಡು ಕಿವಿಗಳ ನಡುವಣ ಅಂತರವೂ ಬದಲಾಗುವುದರಿಂದ, ಹಿಂದು ಮುಂದುಗಳು ಅವರಿಗೆ ಹಾಗೆ ತಿಳಿದುಬರುತ್ತವೆ.