ಆಶೆಯೂ ಸುಖವೂ

ಸುಖವೇ ಜೀವಿತದ ಗುರಿಯೆಂದು ಕಲಿಸಿದ ಎಪಿಕ್ಯೂರಸನನ್ನು ಭೋಗಿಯೆಂದು ಹಳಿಯುವದುಂಟು. ಕ್ರಿ. ಪೂ. 306ರ ಸುಮಾರಿಗೆ ಆತನು ಅಥೇನೆ ಪಟ್ಟಣದ ತೋಟವೊಂದರಲ್ಲಿ ಶಾಲೆಯನ್ನು ಸ್ಥಾಪಿಸಿದನು. ಸ್ತ್ರೀಯರಿಗೂ ದಾಸರಿಗೂ ಅಲ್ಲಿ ಪ್ರವೇಶವಿದ್ದಿತೆಂಬದು ನಮಗೆ ಸಂತೋಷಕರವಾದ ಮಾತು. ಆತನ ಊಟವಾದರೋ ರೊಟ್ಟಿ, ನೀರು. ಹಬ್ಬದೂಟ ಮಾಡಬೇಕೆನಿಸಿದಾಗ ಇರಲೆಂದು ಗೆಳೆಯನಿಂದ ಒಂದು ಸಣ್ಣ ಕುಡಿಕೆ ಚೀಸನ್ನು ಬೇಡಿದನಂತೆ!

ಆಶೆಗಳನ್ನು ಆತನು ಮೂರಾಗಿ ವಿಂಗಡಿಸಿದನು. ಅನ್ನಪಾನಗಳ ಆಶೆ ಸಹಜವೂ ಅವಶ್ಯವೂ ಆದದ್ದು. ಮೃಷ್ಟಾನ್ನದ ಆಶೆ ಸಹಜವಾದರೂ ಅವಶ್ಯವಲ್ಲ. ಕಿರೀಟ, ಪ್ರತಿಮೆ ಮೊದಲಾದ ಗೌರವಗಳ ಆಶೆ ಕೇವಲ ವ್ಯರ್ಥವಾದದ್ದು. ಮೊದಲನೆಯದು ಹೊಟ್ಟೆ ತುಂಬಿದೊಡನೆ ಶಾಂತವಾಗುವದು. ಮೂರನೆಯದಕ್ಕೆ ತುಂಬತಕ್ಕ ಹೊಟ್ಟೆಯೇ ಇಲ್ಲ. ನೆರೆಮನೆಯನ್ನು ನೋಡಿದಷ್ಟೂ ಅದು ಬೆಳೆಯುವದು. ಮಗಳ ಓದನ್ನು ನಿಲ್ಲಿಸಿ, ಸಾಲಮಾಡಿ ಒಡವೆ ಮಾಡಿಸುವ ಮನೆಗಳಲ್ಲಿ ನಾನು ಕಂಡಿರುವದು ಈ ಮೂರನೆಯದನ್ನೇ. ಅದರ ಬಡ್ಡಿಯನ್ನು ಇನ್ನೂ ಕಟ್ಟುತ್ತಿರುವ ತಂದೆಗಳು ಈ ಸಂಚಿಕೆಯ ವಾಚಕರಲ್ಲಿಯೂ ಇದ್ದಾರು.