ಹೊಸ್ತಿಲು ದಾಟುವ ಮೊದಲೇ ಕೇಳು

"ಇನ್ನೂ ಅಂಥದ್ದೇನೂ ಆಗಿಲ್ಲ ಬಿಡಿ." ಮನೆಯಲ್ಲಿ ಕಿರಿಕಿರಿ ಶುರುವಾದ ಹೆಣ್ಣುಮಕ್ಕಳ ಬಾಯಲ್ಲಿ ನಾನು ಹೆಚ್ಚಾಗಿ ಕೇಳಿರುವ ಮಾತು ಇದು. ಹೊಡೆದಿಲ್ಲ, ಬರೀ ಬೈದಿದ್ದಾರೆ. ಹೊರಗೆ ಹಾಕಿಲ್ಲ, "ನಿಮ್ಮಪ್ಪನ ಮನೆಗೆ ನಡಿ" ಅಂದಿದ್ದಾರೆ, ಅಷ್ಟೆ. ತಂಗೀ, ನೀನು "ಅಷ್ಟೆ" ಅನ್ನುವ ಆ ಹೊತ್ತಿನಲ್ಲೇ ಏನಾದರೂ ಮಾಡಲು ಸಾಧ್ಯ. ರಾತ್ರಿ ಹನ್ನೊಂದಕ್ಕೆ ಎರಡು ಮಕ್ಕಳ ಕೈ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತ ಮೇಲೆ ಕೇಳುವುದಕ್ಕೆ ಉಳಿಯುವುದು ಒಂದೇ: ಇವತ್ತು ಎಲ್ಲಿ ಮಲಗುವುದು?

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರೆ. ಸರಿದ ನಾಲ್ಕು ಹೆಂಚು ಸರಿ ಕೂರಿಸಿದರೆ ಮುಗಿಯಿತು. ಬಿಟ್ಟರೆ ಜಂತೆ ಕೊಳೆತು ಮಾಡನ್ನೇ ಬಿಚ್ಚಬೇಕಾಗುತ್ತದೆ. ಸೂರು ತಪ್ಪಿದವರ ಕಥೆಯೂ ಬಹುಪಾಲು ಹೀಗೇ. ಬೀದಿಗೆ ಬಂದ ರಾತ್ರಿಗಿಂತ ತಿಂಗಳುಗಟ್ಟಲೆ ಮೊದಲೇ ಅದು ಶುರುವಾಗಿರುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡು. "ಮನೆ ಮಾವನ ಹೆಸರಲ್ಲಿದೆ, ನನಗೇನು ಹಕ್ಕು?" ಅನ್ನುತ್ತೀಯಲ್ಲ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಸೆಕ್ಷನ್ ಓದಿಸಿ ಕೇಳು. ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕು ನಿನಗಿದೆ, ಪತ್ರ ಯಾರ ಹೆಸರಲ್ಲೇ ಇರಲಿ. ಕಾನೂನಿನ ದಾರಿ ಹಿಡಿಯದೆ ನಿನ್ನನ್ನು ಹೊರಗೆ ಹಾಕುವಂತಿಲ್ಲ. ಅತ್ತೆಮಾವನ ಸ್ವಂತ ಮನೆಗೂ ಇದು ಅನ್ವಯಿಸಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಹೇಳಿತು. ಅದೇ ತೀರ್ಪು, ಈ ಹಕ್ಕಿಗೂ ಮಿತಿ ಇದೆ, ವಯಸ್ಸಾದವರ ನೆಮ್ಮದಿಯನ್ನೂ ನೋಡಬೇಕು ಎಂದಿದೆ. ಅದೂ ನ್ಯಾಯವೇ. ಒಟ್ಟಿಗೆ ಇರಲಾಗದಿದ್ದರೆ ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಎಂದು ಗಂಡನಿಗೆ ಆದೇಶಿಸಲು 19ನೇ ಸೆಕ್ಷನ್ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿದೆ. ಆದ್ದರಿಂದ ಸಿಟ್ಟಿನಲ್ಲಿ ನೀನಾಗಿಯೇ ಎದ್ದು ಬರಬೇಡ. ಆದರೆ ಜೀವಕ್ಕೇ ಅಪಾಯ ಅನ್ನಿಸಿದರೆ ಸೆಕ್ಷನ್ನು ಗಿಕ್ಷನ್ನು ಎಲ್ಲ ಬಿಟ್ಟು ಮೊದಲು ಹೊರಗೆ ಬಾ, 112ಕ್ಕೆ ಫೋನು ಮಾಡು. ಹಕ್ಕಿನ ಮಾತು ನಾಳೆ ಆಡೋಣ.

ಯಾರ ಹತ್ತಿರ ಹೋಗಲಿ ಅಂತ ಕೇಳುತ್ತೀಯ. ಹತ್ತಿರದವಳು ಅಂಗನವಾಡಿ ಕಾರ್ಯಕರ್ತೆ. ಅವಳ ಮೇಲಿನ ಅಧಿಕಾರಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯ ಕೆಲಸವೂ ಅವರದೇ. ನಡೆದದ್ದನ್ನು ಅವರ ಬಳಿ ಬರೆಸುವುದಕ್ಕೆ ದುಡ್ಡು ಬೇಡ. ಬರೆಸಿದ ಮಾತ್ರಕ್ಕೆ ಗಂಡ ಜೈಲಿಗೆ ಹೋಗುವುದೂ ಇಲ್ಲ. ಮುಂದೆ ಬೇಕಾದಾಗ ದಾಖಲೆ ಇರುತ್ತದೆ, ಜೊತೆಗೆ ಮನೆಯವರಿಗೆ ಇವಳ ಹಿಂದೆ ಯಾರೋ ಇದ್ದಾರೆ ಅನ್ನುವುದು ಗೊತ್ತಾಗುತ್ತದೆ. ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ದನಿ ತಗ್ಗುತ್ತದೆ. ವಕೀಲರ ಫೀಸಿನ ಚಿಂತೆಯೂ ಬೇಡ. ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳು, ಇಲ್ಲವೇ 15100ಕ್ಕೆ ಫೋನು ಮಾಡು. ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದ ಮೇಲೆ, ಬಸ್ಸಿನ ಚಾರ್ಜಿಲ್ಲ ಅನ್ನುವ ನೆಪವೂ 2023ರ ಜೂನ್‌ನಿಂದ ಹೋಯಿತಲ್ಲ!

ಜಿಲ್ಲೆಗಳಲ್ಲಿ 'ಸಖಿ' ಕೇಂದ್ರಗಳಿವೆ, 2015ರಲ್ಲಿ ಶುರುವಾದ ಯೋಜನೆ. ಆಸ್ಪತ್ರೆ, ಪೊಲೀಸು, ವಕೀಲರು, ಸಮಾಧಾನದ ಮಾತು ಎಲ್ಲ ಒಂದೇ ಕಡೆ ಸಿಗಲಿ ಎಂದು ಮಾಡಿದ್ದು. ತಂಗಲೂ ಜಾಗ ಕೊಡುತ್ತಾರೆ, ಆದರೆ ಐದು ದಿನದ ಮಟ್ಟಿಗೆ. ಐದು ದಿನದಲ್ಲಿ ಹೊಸ ಬದುಕು ಕಟ್ಟಲಾಗುವುದಿಲ್ಲ. ಆಮೇಲೆ 'ಶಕ್ತಿ ಸದನ'ದಂಥ ಕಡೆ ಜಾಗ ಹುಡುಕಬೇಕು. ಹೆಣ್ಣುಮಕ್ಕಳನ್ನು ಜೊತೆಗೆ ಬಿಟ್ಟುಕೊಳ್ಳುತ್ತಾರೆ, ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ. ಹೈಸ್ಕೂಲಿಗೆ ಹೋಗುವ ಮಗನಿರುವ ತಾಯಿ ಇದನ್ನು ಬಾಗಿಲಿಗೆ ಹೋದ ಮೇಲೆ ತಿಳಿಯುವಂತಾಗಬಾರದು. ಬೇಗ ಕೇಳು ಅನ್ನುವುದು ಇದಕ್ಕೇ.

ಇನ್ನು ಕಾಗದಪತ್ರ. ಆಧಾರ್, ರೇಷನ್ ಕಾರ್ಡು, ಮಕ್ಕಳ ಜನನ ಪ್ರಮಾಣಪತ್ರ, ನಿನ್ನ ಮಾರ್ಕ್ಸ್ ಕಾರ್ಡು ಎಲ್ಲದರ ಫೋಟೋ ತೆಗೆದು ನಂಬಿಕೆಯ ಗೆಳತಿಗೆ ಕಳಿಸಿಡು. ಗೃಹಲಕ್ಷ್ಮಿಯ 2,000 ರೂಪಾಯಿ ನಿನ್ನ ಖಾತೆಗೆ ಬರುತ್ತದೆ ಸರಿ, ಆ ಖಾತೆಯ ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ? ಮೊದಲು ಅದನ್ನು ನೋಡು.

ತವರಿನ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಎಂಬ ಗಾದೆಯನ್ನು ಕಾನೂನು ಎಂದೋ ಹೊರಗೆ ಹಾಕಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಹೇಳಿತ್ತು. 2005ರಲ್ಲಿ ಮದುವೆಯಾದವರನ್ನೂ ಸೇರಿಸಿ ದೇಶಕ್ಕೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಬಂತು. ಅದರ ಬೆನ್ನಿಗೇ ಸೀರೆ ಕುಪ್ಪಸದ ಜೊತೆ ಹಕ್ಕು ಬಿಡುಗಡೆ ಪತ್ರವೂ ತಂಗಿಯ ಮನೆಗೆ ಬರತೊಡಗಿತು. "ಒಂದು ಸೈನು ಹಾಕಿಬಿಡಮ್ಮ, ಹಬ್ಬಕ್ಕೆ ಕರೀತೀವಲ್ಲ" ಅನ್ನುತ್ತಾರೆ. ಅಣ್ಣನ ಮೇಲೆ ಕೇಸು ಹಾಕು ಅಂತ ನಾನು ಹೇಳುತ್ತಿಲ್ಲ. ಓದದೆ, ವಕೀಲರಿಗೆ ತೋರಿಸದೆ ಸೈನು ಹಾಕಬೇಡ. ದುಡ್ಡು ಬೇಡವೆಂದರೆ ಬಿಡು, ತವರಿನಲ್ಲಿ ಒಂದು ಕೋಣೆಯ ಹಕ್ಕನ್ನಾದರೂ ಬರೆಸಿಕೋ. ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ ಹಬ್ಬದ ಸೀರೆಗಿಂತ ಆ ಕೋಣೆ ದೊಡ್ಡದು.

ಈಗ ಎಳೆಯರ ಮಾತು. ಬಾಲಮಂದಿರದಲ್ಲಿ ಬೆಳೆದ ಮಗುವಿಗೆ ಹದಿನೆಂಟು ತುಂಬಿದರೆ ಹೊರಡಬೇಕು. ನಮ್ಮ ಮನೆಗಳಲ್ಲಿ ಹದಿನೆಂಟರ ಹುಡುಗನಿಗೆ ಒಂದು ಲೋಟ ಕಾಫಿ ಮಾಡಿಕೊಳ್ಳಲೂ ಬರುವುದಿಲ್ಲ, ಬಾಲಮಂದಿರದ ಹುಡುಗ ಮಾತ್ರ ಊರಲ್ಲಿ ಬಾಡಿಗೆ ಮನೆ ಹುಡುಕಬೇಕು! ಅದಕ್ಕೇ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅನುಪಾಲನೆಗೆ ದಾರಿ ಇದೆ. ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭದಲ್ಲಿ ಇಪ್ಪತ್ಮೂರರವರೆಗೂ ನೆರವು ಸಿಗಬಹುದು. 'ಮಿಷನ್ ವಾತ್ಸಲ್ಯ'ದಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಕೇಳದವರ ಮನೆಗೆ ಹುಡುಕಿಕೊಂಡು ಬರುವ ದುಡ್ಡಲ್ಲ ಅದು. ಮಗೂ, ಹದಿನೇಳರಲ್ಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕೇಳಿ ಅರ್ಜಿ ಹಾಕು. ಬಾಗಿಲಲ್ಲಿ ಟ್ರಂಕು ಇಟ್ಟುಕೊಂಡು ನಿಂತ ದಿನ ಕೇಳಬೇಡ.

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಪರೀಕ್ಷೆಯಲ್ಲಿ ನಪಾಸಾದ ಹುಡುಗ, ಬೇರೆ ಜಾತಿಯವನನ್ನು ಮೆಚ್ಚಿದ ಹುಡುಗಿ, ತಾನು ಗಂಡಲ್ಲ ಹೆಣ್ಣು ಎಂದು ಹೇಳಿಕೊಂಡ ಮಗು, ಇವರಿಗೆ ನೀವು ಸಿಟ್ಟಿನಲ್ಲಿ ಹೇಳುವ ಮಾತು ಒಂದೇ: "ಮತ್ತೆ ಈ ಮನೆ ಮೆಟ್ಟಿಲು ಹತ್ತಬೇಡ." ನೀವು ಮರುದಿನ ಮರೆಯುತ್ತೀರಿ. ಅಷ್ಟರಲ್ಲಿ ಅವರು ಮೆಜೆಸ್ಟಿಕ್ಕಿನಲ್ಲಿ ಇಳಿದಿರುತ್ತಾರೆ. ಮನೆ ಬಿಟ್ಟು ಬಂದ ಮಕ್ಕಳಿಗಾಗಿ 'ಬೆಂಗಳೂರು ಓಣಿಯವರ ಸೇವಾ ಕೂಟ', ಬೋಸ್ಕೋ ಅಂತಲೇ ಹೆಸರಾದದ್ದು, 1980ರಿಂದ ದುಡಿಯುತ್ತಿದೆ. ಅದಕ್ಕೆ ಇನ್ನೂ ಕೆಲಸ ತಪ್ಪಿಲ್ಲವೆಂದರೆ ನಮ್ಮ ಮನೆಗಳ ಬಗ್ಗೆಯೇ ಯೋಚಿಸಬೇಕು. ಲಿಂಗತ್ವದ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರೆ ಮಾಡುವಂತಿಲ್ಲ, ನ್ಯಾಯಾಲಯವೇ ಹೇಳಿದರೆ ಬೇರೆ ಮಾತು ಎಂದು 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆ ಹೇಳುತ್ತದೆ. ಸಿಟ್ಟು ಮಾಡಿ, ಮಾತು ಬಿಡಿ, ಬೇಕಾದರೆ ಒಂದು ಹೊತ್ತು ಉಪವಾಸ ಕೂತುಕೊಳ್ಳಿ. ಬಾಗಿಲು ಮಾತ್ರ ಹಾಕಬೇಡಿ. ಮಗು ಮನೆ ಬಿಟ್ಟದ್ದು ಗೊತ್ತಾದ ಕೂಡಲೇ 1098ಕ್ಕೆ ತಿಳಿಸಿ, "ನಾಲ್ಕು ದಿನಕ್ಕೆ ತಾನೇ ಬರುತ್ತಾನೆ" ಅಂತ ಕಾಯಬೇಡಿ.

ತಂಗೀ, 181 ಮಹಿಳಾ ಸಹಾಯವಾಣಿ, ಹಗಲೂ ರಾತ್ರಿ ಇರುತ್ತದೆ. ಫೋನಿನಲ್ಲಿ ಅದನ್ನು 'ಟೈಲರ್' ಅಂತಲೋ 'ಹಾಲಿನವಳು' ಅಂತಲೋ ಹಾಕಿಟ್ಟುಕೋ. ಈ ವಾರವೇ ಅಂಗನವಾಡಿಗೆ ಹೋಗಿ ನಿಮ್ಮ ತಾಲ್ಲೂಕಿನ ಸಿಡಿಪಿಒ ಕಚೇರಿ ಎಲ್ಲಿದೆ ಅಂತ ಕೇಳಿಕೊಂಡು ಬಾ. ಬೇಕಾಗದಿದ್ದರೆ ಒಳ್ಳೆಯದೇ, ಪಕ್ಕದ ಮನೆಯವಳಿಗೆ ಹೇಳು.